ಹೊಗೆನಾಡಿನ ಹಾಜರಿ

ಮಾರ್ಚ್ 4, ಬುಧವಾರ. ಬೆಳಿಗ್ಗೆ 10

ಹನ್ನೆರಡನೇ ಸಂಪುಟ, ಏಳನೇ ಅಧ್ಯಾಯ. ಇವತ್ತಿನ ಬೇಟೆ — ಉಪ್ಪುನಾಡಿನ ಸೇನಾಪತಿಗೆ ತೊಂಬತ್ತನೇ ಪುಟದಲ್ಲಿ ಎಡಗಣ್ಣು ಕುರುಡು, ತೊಂಬತ್ತೆಂಟರಲ್ಲಿ ಬಲಗಣ್ಣು. ಹೊಗೆಬೆಟ್ಟದಿಂದ ಬಂದರಿಗೆ ದೋಣಿಯಲ್ಲಿ ಎರಡು ದಿನದ ದಾರಿ. ದೂತ ಒಂದೇ ಮಧ್ಯಾಹ್ನದಲ್ಲಿ ಬಂದು ನಿಂತಿದ್ದಾನೆ. ಬೆವರು ಕೂಡ ಇಲ್ಲ, ಪುಣ್ಯಾತ್ಮನಿಗೆ.

ಎರಡಕ್ಕೂ ಕೆಂಪು ಚೀಟಿ ಅಂಟಿಸಿ ಅಮ್ಮನ ಕೋಣೆಯ ಹೊರಗಿನ ಟ್ರೇಯಲ್ಲಿಟ್ಟೆ. ಅಮ್ಮ ಕಾದಂಬರಿಯಲ್ಲಿ ಇಲ್ಲದ ದ್ವೀಪಗಳನ್ನು ಕಟ್ಟುತ್ತಾಳೆ, ನಾನು ಅದರಲ್ಲಿ ತಪ್ಪು ಹುಡುಕುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಹೊಟ್ಟೆಪಾಡು. ಕೆಲಸದ ಮಾತು ಬಾಯಲ್ಲಿ ಆಡುವಂತಿಲ್ಲ, ಅವಳ ಯೋಚನೆ ಕದಡುತ್ತದಂತೆ. ಎಲ್ಲ ಚೀಟಿಯಲ್ಲೇ. "ತಪ್ಪು. ಎಡಗಣ್ಣು. ಸಂ. 3, ಪು. 41." ದಯವಿಟ್ಟು ಗಿಯವಿಟ್ಟು ಏನೂ ಇಲ್ಲ.

ಈ ಸಲ ಚೀಟಿ ಜಾಸ್ತಿ. ಹೋದ ಸಂಪುಟಕ್ಕೆ ಒಟ್ಟು ಹನ್ನೊಂದು. ಈಗಾಗಲೇ ಅರವತ್ತು ದಾಟಿದೆ. ಅಮ್ಮನಿಗೆ ವಯಸ್ಸು ಎಪ್ಪತ್ತೆರಡಾಯಿತಲ್ಲ, ಸುಸ್ತಿರಬೇಕು.

ಕಾದಂಬರಿಯ ನಿಯಮಗಳನ್ನು ಬರೆದಿಟ್ಟ ಕಾರ್ಡುಗಳಲ್ಲಿ ಒಂದನೇ ನಂಬರಿನದು ಹರಿದುಹೋಗಿತ್ತು. ಹೊಸದಾಗಿ ಬರೆದೆ:

ಉಪ್ಪುನಾಡು — ಸತ್ತವರ ಹೆಸರು ಎತ್ತಬಾರದು. ಎತ್ತಿದವರ ನಾಲಿಗೆಗೆ ಉಪ್ಪು.
ಹೊಗೆನಾಡು — ಸಂಜೆ ಬಾಗಿಲಲ್ಲಿ ನಿಂತು ಮನೆಯವರ ಹಾಜರಿ ಕೂಗಬೇಕು. ಸತ್ತವರನ್ನೂ ಕೂಗಬೇಕು. ಹತ್ತಿರ ನಿಂತವರು ಅವರ ಪರವಾಗಿ "ಇದ್ದೀನಿ" ಎನ್ನಬೇಕು.

ಗಡಿದ್ವೀಪದಲ್ಲಿ ಎರಡು ನಾಡಿನವರನ್ನೂ ಹೂತಿದ್ದಾರೆ. ಅವರ ಹೆಸರು ಕೂಗಬೇಕೋ ಬೇಡವೋ — ಮುನ್ನೂರು ವರ್ಷದ ಯುದ್ಧಕ್ಕೆ ಇಷ್ಟೇ ಕಾರಣ. ಓದುಗರಲ್ಲೂ ಎರಡು ಪಾಳಯ. ಪ್ರಕಾಶಕರ ಆಫೀಸಿಗೆ ಬೈಗುಳದ ಪತ್ರಗಳು ಬರುತ್ತವೆ. ಕೆಲಸವಿಲ್ಲದವರು.

ಮಾರ್ಚ್ 5, ಗುರುವಾರ. ಬೆಳಿಗ್ಗೆ 11.30

ಎಂಟನೇ ಅಧ್ಯಾಯ. ಎರಡು ಸಲ ಓದಿದೆ.

ಹೊಗೆನಾಡಿನ ರಾಣಿ ಹಾಜರಿ ಕೂಗುತ್ತಿದ್ದಾಳೆ. ಕಿರಿಮಗನ ಸರದಿ. ಅವನು ನಾಲ್ಕನೇ ಸಂಪುಟದಲ್ಲೇ ಕಡಲಲ್ಲಿ ಮುಳುಗಿ ಸತ್ತವನು. ಅವನ ಪರವಾಗಿ ಅಕ್ಕ ಉತ್ತರ ಕೊಡಬೇಕು. ಉತ್ತರ ಬಾಗಿಲಾಚೆಯಿಂದ ಬರುತ್ತದೆ. ಅವನೇ! ಒದ್ದೆ ಅಂಗಿ ಹಿಂಡಿಕೊಂಡು ಒಳಗೆ ಬಂದು ಹಸಿವು ಎನ್ನುತ್ತಾನೆ. ಯಾರಿಗೂ ಆಶ್ಚರ್ಯವಿಲ್ಲ.

ಅದಿರಲಿ. ಹೆಸರು... ಹನ್ನೊಂದು ಸಂಪುಟದಲ್ಲಿ ಅವನು ಬರೀ "ಕಿರಿಯರಸ". ಇಲ್ಲಿ ಅಮ್ಮ ಬರೆದಿದ್ದಾಳೆ — ಬುಗುರಿ.

ಬುಗುರಿ ನನ್ನ ತಮ್ಮ. ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಎಂಟು ವರ್ಷ. ನನಗೆ ಹನ್ನೊಂದು. ಕೆರೆಯಲ್ಲಿ ಟಯರಿನ ಟ್ಯೂಬ್ ಮೇಲೆ ಅವನು, ದಡದಲ್ಲಿ ಹಗ್ಗ ಹಿಡಿದು ನಾನು. ಮೂವತ್ತೊಂದು ವರ್ಷವಾಯಿತು. ಆಮೇಲೆ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿಲ್ಲ. ಅಪ್ಪ ಬಾಯಿಗೆ ಬೀಗ ಹಾಕಿಕೊಂಡೇ ಹೋದರು. ನಾವು ಪಕ್ಕಾ ಉಪ್ಪುನಾಡಿನವರು.

ಅದೇ ದಿನ. ಮಧ್ಯಾಹ್ನ 1.20

ಏನು ಮಾಡಿಬಿಟ್ಟೆ. ಏನು ಮಾಡಿಬಿಟ್ಟೆ ನಾನು!

ಅಭ್ಯಾಸಬಲ. ತಲೆ ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಚೀಟಿ ಬರೆದು ಟ್ರೇಗೆ ಹಾಕಿತ್ತು. ನೀರು ಕುಡಿಯುವಾಗ ಹೊಳೆಯಿತು, ಬರೆದದ್ದು ಏನೆಂದು. ಎದ್ದು ಓಡಿದೆ. ಟ್ರೇ ಖಾಲಿ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಟಿ. "ತಪ್ಪು. ಬುಗುರಿ ಸತ್ತಿದ್ದಾನೆ. ಸಂ. 4, ಪು. 212."

"ಯಾವಾಗ?" ಎಂದಳು.

ಚೀಟಿ ಕಿತ್ತುಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ.

"ಯಾವಾಗ ಕಣೇ? ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ತಮಾಷೆಯಲ್ಲ. ನಟನೆಯೂ ಅಲ್ಲ. ಗೋಡೆ ಹಿಡಿದುಕೊಂಡು ಕೆಳಗೆ ಕೂತಳು. ಮೂವತ್ತೊಂದು ವರ್ಷದ ಹಿಂದೆ ಅಮ್ಮ ಅತ್ತದ್ದನ್ನು ನಾನು ನೋಡಿರಲಿಲ್ಲ, ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಇವತ್ತು ನೋಡಿದೆ.

ಮಾರ್ಚ್ 16, ಸೋಮವಾರ

ಅಮ್ಮನ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಒಳ್ಳೆಯವರು, ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿದರು. "ಒಂದೊಂದೇ ಲೈಟ್ ಆರ್ತಾ ಬರುತ್ತೆ. ವಾದ ಮಾಡಕ್ಕೆ ಹೋಗ್ಬೇಡಿ." ಈ ಮರೆವು ಎರಡು ವರ್ಷದ ಹಿಂದೆಯೇ ಶುರುವಾಗಿರಬಹುದಂತೆ. ಅರವತ್ತು ಚೀಟಿ ಅಂಟಿಸಿದವಳು ನಾನು. ಕುರುಡು ಸೇನಾಪತಿಗೋ ನನಗೋ?

ಈ ಹನ್ನೊಂದು ದಿನದಲ್ಲಿ ಅಮ್ಮ ನಾಲ್ಕು ಸಲ ಕೇಳಿದಳು, "ಬುಗುರಿ ಎಲ್ಲಿ?" ನಾಲ್ಕು ಸಲವೂ ನಿಜ ಹೇಳಿದೆ. ತಪ್ಪು ತಿದ್ದುವ ಚಟ. ನಾಲ್ಕು ಸಲವೂ ಅವಳಿಗೆ ಅದೇ ಮೊದಲು. ನಾಲ್ಕು ಸಲ ಅವನನ್ನು ಸಾಯಿಸಿದೆ.

ಪ್ರಕಾಶಕರ ಫೋನು. "ಮೂವತ್ತೊಂದಕ್ಕೆ ಪ್ರೆಸ್ಸಿಗೆ ಹೋಗ್ಬೇಕು ಮೇಡಂ. ಆ ಹುಡುಗನ್ನ ತೆಗ್ದುಬಿಡಿ. ಎರಡು ಪುಟ ತಾನೇ? ಸತ್ತೋನು ಎದ್ದು ಬಂದ್ರೆ ಓದುಗರು ನಮ್ಮನ್ನ ಬಿಡ್ತಾರಾ?"

ನೋಡೋಣ ಎಂದೆ.

ಮಾರ್ಚ್ 21, ಶನಿವಾರ. ಮಧ್ಯಾಹ್ನ

ಎರಡು ಪುಟವಲ್ಲ. ಅಮ್ಮನ ಡ್ರಾಯರಿನಲ್ಲಿ ಒಂಬತ್ತನೇ ಅಧ್ಯಾಯವೂ ಇತ್ತು. ಕೈಬರಹ, ಸಾಲು ಓರೆಯಾಗಿದೆ. ತೆಗೆಯುವ ಮುಂಚೆ ಓದೋಣವೆಂದು ಕೂತೆ.

ಹುಡುಗ ರಾಣಿಗೆ ಹೇಳುತ್ತಾನೆ: "ಅಕ್ಕನ್ನ ಬೈಬೇಡ. ಜಡೆ ಬಿಚ್ಚಿತ್ತು. ಕಟ್ಕೊಳ್ಳಕ್ಕೆ ಅಂತ ಹಗ್ಗ ಬಿಟ್ಳು. ಒಂದೇ ನಿಮಿಷ."

ರಾಣಿ: "ನಂಗೊತ್ತು. ಮಾರನೇ ದಿನ ಹೋಗಿ ಹಗ್ಗ ನೋಡ್ದೆ. ಎಲ್ಲೂ ಕಡಿದಿರ್ಲಿಲ್ಲ. ಅವಳ ತಲೇಲಿದ್ದಿದ್ದು ನಾನು ಹೆಣೆದ ಜಡೆ ಅಲ್ಲ."

ಆ ಸಾಲುಗಳನ್ನು ಮತ್ತೆ ಓದಿದೆ.

ಹಗ್ಗ ಕಡಿಯಿತು ಎಂದು ಹೇಳಿದವಳು ನಾನು. ಅಪ್ಪನಿಗೆ, ಪೊಲೀಸಿಗೆ, ಚಿಕ್ಕಮ್ಮನಿಗೆ, ಎಲ್ಲರಿಗೂ. ಜಡೆಯ ವಿಷಯ ಒಂದು ನರಪಿಳ್ಳೆಗೂ ಹೇಳಿಲ್ಲ. ಈ ಡೈರಿಗೂ ಇವತ್ತೇ ಮೊದಲು. ನಾಲ್ಕನೇ ಸಂಪುಟ ತೆಗೆದು ನೋಡಿದೆ. ಪು. 212, "ಹಗ್ಗ ಕಡಿಯಿತು." ನನ್ನ ಸುಳ್ಳನ್ನೇ ಅಮ್ಮ ಅಚ್ಚು ಹಾಕಿಸಿದ್ದಾಳೆ, ಒಂಬತ್ತು ಮುದ್ರಣ. ಗೊತ್ತಿದ್ದೂ! ಅಷ್ಟು ವರ್ಷ ನನ್ನ ಎದುರೇ ಕೂತು ಉಂಡಳು, ನನ್ನ ಜಡೆ ಹೆಣೆದಳು...

ನಿಯಮದ ಪ್ರಕಾರ ಇಲ್ಲೊಂದು ಕೆಂಪು ಚೀಟಿ ಬೇಕು. "ತಪ್ಪು. ಸಂ. 4ರಲ್ಲಿ ಹಗ್ಗ ಕಡಿದಿದೆ."

ಚೀಟಿಯ ಕಟ್ಟನ್ನು ಕಸದ ಬುಟ್ಟಿಗೆ ಎಸೆದೆ.

ಮಾರ್ಚ್ 22, ಭಾನುವಾರ

ಧೈರ್ಯ ಮಾಡಿದೆ. ಅಮ್ಮನ ಕಾಲ ಬಳಿ ಕೂತು ಹೇಳಿದೆ. "ಅಮ್ಮಾ, ಹಗ್ಗ ಕಡೀಲಿಲ್ಲ. ನಾನೇ ಬಿಟ್ಟಿದ್ದು."

"ಯಾವ ಹಗ್ಗ?"

"ಕೆರೆ ಹತ್ರ..."

"ನಡುಗ್ತಿದೀಯಲ್ಲ. ಸ್ವೆಟರ್ ಹಾಕ್ಕೋ."

ಅಷ್ಟೇ. ಆ ಲೈಟೂ ಆರಿದೆ. ನಿನ್ನೆ ಹೇಳಬಹುದಿತ್ತು. ಹೋದ ವರ್ಷ ಹೇಳಬಹುದಿತ್ತು. ಮೂವತ್ತೊಂದು ವರ್ಷವಿತ್ತು ನನ್ನ ಕೈಯಲ್ಲಿ.

ಮಾರ್ಚ್ 24, ಮಂಗಳವಾರ. ಸಂಜೆ 6.15

ಎಂಟು, ಒಂಬತ್ತು ಎರಡೂ ಅಧ್ಯಾಯಗಳನ್ನು ಇದ್ದಂತೆಯೇ ಪ್ರೆಸ್ಸಿಗೆ ಕಳಿಸಿದೆ. ಪ್ರಕಾಶಕರು ಕೂಗಾಡಿದರು. ಕೂಗಾಡಲಿ. ಓದುಗರು ಬೈಯಲಿ, ಎರಡೂ ಪಾಳಯದವರು ಒಟ್ಟಿಗೇ ಬೈಯಲಿ.

ಈಗಷ್ಟೇ ನಡೆದದ್ದು.

ಅಮ್ಮ ಬೀದಿ ಬಾಗಿಲು ತೆಗೆದು ನಿಂತಳು. ಹೊರಗೆ ಪಕ್ಕದ ಮನೆಯವರು ಸ್ಕೂಟರ್ ಒರೆಸುತ್ತಿದ್ದರು. ಅಮ್ಮ ಕೂಗಿದಳು, "ಬುಗುರೀ..."

ಸ್ಕೂಟರ್ ಒರೆಸುವವರು ಕೈ ನಿಲ್ಲಿಸಿದರು. ಅಮ್ಮ ಕಾದಳು. ಇನ್ನೊಮ್ಮೆ ಕೂಗಿದಳು. ಹತ್ತಿರ ನಿಂತವರು ಬೇರೆ ಯಾರಿದ್ದಾರೆ? ನಾನೊಬ್ಬಳೇ.

"ಇದ್ದೀನಮ್ಮ" ಎಂದೆ. ನಾಲಿಗೆ ನಿಜಕ್ಕೂ ಉಪ್ಪುಪ್ಪಾಯಿತು, ಅಳುತ್ತಿದ್ದೆ.

ಅಮ್ಮ ತಿರುಗಲಿಲ್ಲ. ಬೀದಿಯನ್ನೇ ನೋಡುತ್ತ ಹೇಳಿದಳು:

"ಬಂದ್ಯಾ? ಸರಿ. ಹೋಗಿ ಅಕ್ಕನ್ನ ಕರ್ಕೊಂಡ್ ಬಾ. ಹೆದರ್ಕೊಂಡು ಹೊರಗೇ ನಿಂತಿರ್ತಾಳೆ ಪಾಪ. ಅಮ್ಮ ಏನೂ ಅನ್ನಲ್ವಂತೆ ಅಂತ ಹೇಳು."

ಇನ್ನೂ ಬಾಗಿಲು ಹಿಡಿದು ನಿಂತಿದ್ದಾಳೆ. ಮುಚ್ಚುತ್ತಿಲ್ಲ. ಹಿತ್ತಲಿನಿಂದ ಸುತ್ತಿಕೊಂಡು ಬೀದಿಗೆ ಹೋಗಿ, ಅವಳೆದುರು ನಿಂತು ಹೇಳಬೇಕು, "ಅಮ್ಮಾ, ನಾನು ಬಂದೆ."