ರೊಟ್ಟಿ ಬಡಿಯುವ ಸವತಿ

ಕೊಂಡಾಪುರದ ನವೋದ್ಯಮ ಕೇಂದ್ರದಲ್ಲಿ ಹಗಲೆಲ್ಲ ವಿರಾಜಮಾನಳಾಗಿರುವ ನನ್ನ ಧರ್ಮಪತ್ನಿ, ಸಂಸ್ಥಾಪಕಿ ವಿಶಾಲಾಕ್ಷಿಯ ಸನ್ನಿಧಾನಕ್ಕೆ,

ಹಿಮಾಯತ್‌ನಗರದ ಅಡುಗೆಮನೆಯಿಂದ ನಿನ್ನ ನಿವೃತ್ತ ಪತಿಯ ವಿಜ್ಞಾಪನೆ. ನನಗೆ ಹೊಟ್ಟೆಕಿಚ್ಚಾಗಿದೆ. ನನ್ನ ತಮ್ಮನ ದಟ್ಟ ತಲೆಗೂದಲಿನ ಮೇಲಲ್ಲ, ಅದು ಹಳೆಯ ಕಿಚ್ಚು. ಇದು ನಿನ್ನ ಯಂತ್ರದ ಮೇಲೆ. ಗಂಡಸಿಗೂ ಸವತಿ ಬರಬಹುದೆಂದು ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ತಪ್ಪೇನೋ ನನ್ನದೇ. ಸಚಿವಾಲಯದಲ್ಲಿ, ತಂತ್ರಜ್ಞಾನದ ಬಲದಿಂದ ರಾಜ್ಯದ ಆರ್ಥಿಕತೆ ಬೆಳೆಸುವ ನೀತಿಯ ಕರಡು ತಯಾರಾಗುವಾಗ, ಮಹಿಳಾ ಉದ್ಯಮಿಗಳಿಗೆ ಉಚಿತ ಜಾಗ, ಉಪಕರಣ, ಮಾರ್ಗದರ್ಶನ ಎಂಬ ಕಲಮು ಬರೆದ ಪಾಪಿ ನಾನೇ. ‘ವಯಸ್ಸಿನ ಮಿತಿ ಬೇಡವೇ?’ ಎಂದು ಮೇಲಿನವರು ಕೇಳಿದಾಗ, ಬೇಡ ಬಿಡಿ ಎಂದು ಉದಾರವಾಗಿ ಕೈಬೀಸಿದ್ದೆ. ಆ ಕಲಮು ಊರೆಲ್ಲ ಬಿಟ್ಟು ನನ್ನ ಮನೆಗೇ ಬಂದು ನನ್ನ ಹೆಂಡತಿಯನ್ನೇ ಕರೆದೊಯ್ಯುತ್ತದೆಂದು ಯಾವ ಇಲಾಖೆಯೂ ಎಚ್ಚರಿಸಲಿಲ್ಲ. ಗಂಡಂದಿರ ಪುನರ್ವಸತಿಗೆ ಒಂದು ಸಾಲು ಸೇರಿಸಿದ್ದರೆ ಸರ್ಕಾರದ ಗಂಟೇನು ಹೋಗುತ್ತಿತ್ತು?

ನಿವೃತ್ತಿಯ ಮೇಲೆ ಹಂಚಿನ ಮುಂದೆ ಕೂತು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುವ ಕನಸಿತ್ತು. ನೀನೋ ಬೆರಳಿಗೆಲ್ಲ ಕೈಚಲನೆ ಅಳೆಯುವ ತಂತಿ ಸುತ್ತಿಸಿಕೊಂಡು, ದೀಪ್ತಿ ಎಂಬ ಇಂಜಿನಿಯರ್ ಹುಡುಗಿಯ ಜೊತೆ ಸೇರಿ, ಆ ಉಕ್ಕಿನ ಪೆಟ್ಟಿಗೆಗೆ ರೊಟ್ಟಿ ಬಡಿಯುವುದನ್ನು ಕಲಿಸುತ್ತ ಕೂತೆ. ಮನೆಗೆ ಬಂದರೂ ಅದರದೇ ಗುಣಗಾನ. ‘ಇವತ್ತ ಅಂಚು ಸೀಳಲಿಲ್ಲರಿ! ಭಾಳ ಶಾಣ್ಯಾ ಐತ್ರಿ ಅದು!’ ಮದುವೆಯಾದಾಗಿನಿಂದ ನನ್ನನ್ನು ಒಮ್ಮೆಯಾದರೂ ಶಾಣ್ಯಾ, ಜಾಣ ಎಂದಿದ್ದೀಯಾ?

ಅದಕ್ಕೇ ನಿನ್ನೆ ಕೇಂದ್ರದಲ್ಲಿ ನಡೆದ ಯಂತ್ರದ ಪ್ರದರ್ಶನಕ್ಕೆ ಯುದ್ಧಕ್ಕೆ ಬಂದಂತೆ ಬಂದೆ. ‘ನನ್ನ ಕಣ್ಣು ಕಟ್ರಿ. ನಮ್ಮಾಕಿ ಕೈಯಾಗಿನ ರೊಟ್ಟಿ ನನಗ ತಿಳಿಯಂಗಿಲ್ಲೇನು?’ ಎಂದು ಬಂಡವಾಳ ಹೂಡುವ ದೊಡ್ಡವರ ಮುಂದೆ ಎದೆ ತಟ್ಟಿಕೊಂಡೆ. ದೀಪ್ತಿ ತನ್ನ ದುಪಟ್ಟಾ ಕಟ್ಟಿದಳು. ನಿನ್ನದೊಂದು, ಯಂತ್ರದ್ದೊಂದು, ಎರಡೂ ತಿಂದೆ. ಎರಡನೆಯದರ ತುಂಡನ್ನು ಮೇಲೆತ್ತಿ, ‘ಇದ ನೋಡ್ರಿ ನಮ್ಮ ವಿಶಾಲೂದು!’ ಎಂದು ಗರ್ಜಿಸಿದೆ.

‘ಅಂಕುಲ್, ಅದಿ ಮೆಷಿನ್‌ದಿ’ ಎಂದಳು ದೀಪ್ತಿ ತನ್ನ ತೆಲುಗಿನಲ್ಲಿ, ಅದು ಯಂತ್ರದ್ದೆಂದು, ಸಾವಿನ ಸುದ್ದಿ ಹೇಳುವವಳಂತೆ. ಆಮೇಲೆ ಬಿದ್ದ ಚಪ್ಪಾಳೆ! ನನ್ನ ನಾಲಿಗೆಯ ದ್ರೋಹವನ್ನು ನಂಬಿಯೇ ಅವರು ಬಂಡವಾಳಕ್ಕೆ ಒಪ್ಪಿದರು.

ಮನೆಗೆ ಮರಳುವಾಗ ಆಟೋದಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. ನೀನು ಹೊರಗೆ ನೋಡುತ್ತ, ‘ಅದು ನನ್ನ ಕೈ ನೋಡಿನ ಕಲತದ್ದರಿ. ನೀವೂ ಇಷ್ಟು ವರ್ಷ ಎದುರಿಗೇ ಕುಂತಿದ್ರಿ. ಬರೇ ತಿಂದ್ರಿ’ ಎಂದೆ. ಬೈದಿದ್ದರೆ ವಾದಿಸುತ್ತಿದ್ದೆ. ನೀನು ಬೈಯಲಿಲ್ಲ.

ಇವತ್ತು ನೀನು ಹೊರಟ ಮೇಲೆ ನಾನೇ ಹಿಟ್ಟು ನಾದಿದೆ. ಬಡಿದ ಹಿಟ್ಟು ರೊಟ್ಟಿಯಾಗುವ ಬದಲು ನನ್ನ ಬೆರಳಿಗೇ ಅಂಟಿತು; ಉಳಿದದ್ದು ಹಂಚಿಗೆ. ಬದುಕಿ ಬಂದ ಒಂದು ರೊಟ್ಟಿ ಈ ಪತ್ರದ ಜೊತೆ ಡಬ್ಬಿಯಲ್ಲಿದೆ. ಕಣ್ಣು ಕಟ್ಟಿಕೊಂಡು ತಿನ್ನು. ಯಾರ ಕೈಯದೆಂದು ಮೊದಲ ತುತ್ತಿಗೇ ತಿಳಿಯುತ್ತದೆ. ಇಂಥದ್ದನ್ನು ಬಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ.

ಹಲ್ಲು ಜೋಪಾನ. ನಿನ್ನ ಯಂತ್ರಕ್ಕೆ ದೇವರು ನೂರು ವರ್ಷ ಆಯಸ್ಸು ಕೊಡಲಿ, ಭಾನುವಾರ ಮಾತ್ರ ರಜೆ ಕೊಡಲಿ. ಆ ದಿನದ ಪಾಠ ನನ್ನದು.

ಡಬ್ಬಿಯನ್ನು ಮೇಲೆ ಕಳಿಸಿ, ನಿನ್ನ ಕೇಂದ್ರದ ಕೆಳಗೆ ಗೇಟಿನಲ್ಲಿ ಕಾದು ನಿಂತಿರುವ,
ನಿನ್ನ ಮೊದಲ ಶಿಷ್ಯನಾಗಬೇಕಿದ್ದ
ಅಮೃತಪ್ಪ