ನಲವತ್ತೊಂದನೆಯ ಮರ

ಅಪ್ಪಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಇವತ್ತು ನಿನ್ನ ಕಾಡಿಗೆ ಹೋಗಿದ್ದೆ. ನೀನು ಇಪ್ಪತ್ತು ವರ್ಷ ಕಾವಲಿದ್ದ ಆ ಅಗಲ ಎಲೆಯ ಮರಗಳ ಪುಟ್ಟ ಕಾಡಿನಲ್ಲಿ ಈಗ ಪ್ರತಿ ಮರದ ಮೇಲೂ ಕೆಂಪು ಬಣ್ಣದ ನಂಬರು ಬಿದ್ದಿದೆ. ಸೋಮವಾರದಿಂದ ಕಡಿಯುತ್ತಾರೆ. ನೀನು ಊಟದ ಚೀಲ ತೂಗುಹಾಕುತ್ತಿದ್ದ ಮರದ್ದು ನಲವತ್ತೊಂದು.

ಹೊಸ ಕಾವಲುಗಾರ ನನ್ನ ಗುರುತು ಹಿಡಿದ. "ನಿಮ್ಮಪ್ಪ ಆಸ್ಪತ್ರೆಗೆ ನೋಡಕ್ಕೆ ಬಂದೋರಿಗೆಲ್ಲ, 'ನನ್ನ ಮಗಳು ಅರ್ಜಿ ಬರೆದು ಕಳಿಸವ್ಳೆ, ಇನ್ನು ಯಾರೂ ಕೊಡಲಿ ಎತ್ತಲ್ಲ' ಅಂತ ಹೇಳೋರು ಕಣಮ್ಮ. ಆಫೀಸಲ್ಲಿ ಕೇಳಿದ್ರೆ, ಒಂದು ನರಪಿಳ್ಳೆಯ ತಕರಾರೂ ಬಂದಿರ್ಲಿಲ್ವಂತೆ! ಅಂಚೆಯವ್ರೇ ಕಳೆದ್ರೇನೋ."

"ಇರಬಹುದು" ಎಂದೆ.

"ಇದ್ದದ್ದನ್ನ ಇದ್ದ ಹಾಗೆ ಬರಿಯೇ, ಕಾವ್ಯ ಗೀವ್ಯ ಬೇಡ" ಎಂದು ನೀನು ನಕ್ಕಿದ್ದೆ. ನಾನು ಅರ್ಜಿಯ ಮೊದಲ ವಾಕ್ಯವನ್ನೇ ಹನ್ನೊಂದು ಸಲ ತಿದ್ದಿದೆ. ಆಸ್ಪತ್ರೆಯ ಮಂಚದಿಂದ ನೀನು "ಕಳಿಸಿದ್ಯಾ?" ಎಂದು ಕೇಳಿದಾಗ ತಕರಾರು ಸಲ್ಲಿಸುವ ಕೊನೆಯ ದಿನಾಂಕ ಕಳೆದು ಎರಡು ದಿನವಾಗಿತ್ತು. ನಾನು "ಹೂಂ" ಎಂದಿದ್ದೆ. ನೀನು ನೆಮ್ಮದಿಯಿಂದ ಗೋಡೆಯ ಕಡೆ ಹೊರಳಿದೆ.

ಆ ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇದೆ. ಭಾಷೆ ಬಹಳ ಚೆನ್ನಾಗಿದೆ.

ಈ ಪತ್ರವನ್ನು ಮಾತ್ರ ಒಂದೇ ಸಲಕ್ಕೆ ಬರೆದೆ, ಅಪ್ಪ. ಎಲ್ಲೂ ತಿದ್ದಿಲ್ಲ.