ಹದಿನೇಳನೆಯ ಹೆಸರು

ಎಂಕಾರೆ ನಾನ್ಯೋಕಿ, ಕಜಿಯಾಡೊ
ಮಾರ್ಚ್ 18, ಭಾನುವಾರ

ಪ್ರೀತಿಯ ಸಿಲಾಂತೊಯ್ ಅಕ್ಕನಿಗೆ,

ಹೇಗಿದ್ದೀಯ? ಕಣ್ಣು ಹೇಗಿದೆ? ಹೊಲಿದು ಹೊಲಿದು ಸಂಜೆಯ ಹೊತ್ತಿಗೆ ನಿನಗೆ ಕಣ್ಣು ಉರಿಯುತ್ತದೆ ಎಂದು ನಿನ್ನ ಶಾಲೆಯ ದೊಡ್ಡ ಟೀಚರ್ ಹೇಳಿದರು. ನಕುರುವಿನ ವಿಳಾಸ, ಫೋನ್ ನಂಬರ್ ಕೊಟ್ಟವರೂ ಅವರೇ. ಅಲ್ಲಿ ಬೆಳಗಿನ ಚಳಿ ಹೆಚ್ಚಂತೆ. ಎದೆಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಕೂರು. ಇಲ್ಲಿ ದನಗಳು ಚೆನ್ನಾಗಿವೆ. ಬಿಳಿ ಮುಖದ ಹಸು, ನೀನಿದ್ದಾಗ ಕರುವಾಗಿತ್ತಲ್ಲ, ಅದು ಈಗ ಏಳು ಕರು ಹಾಕಿದೆ. ಅಪ್ಪ ಓಡಾಡಿಕೊಂಡಿದ್ದಾರೆ. ಬಲ ಮೊಣಕಾಲು ಮಾತ್ರ ಏಳುವಾಗ ಕೂರುವಾಗ ಹಿಡಿಯುತ್ತದೆ. ಕೇಳಿದರೆ, 'ಕಾಲಿಗೇನಾಗಿದೆ, ನೆಲವೇ ಕೆಳಕ್ಕೆ ಹೋಗಿದೆ' ಎನ್ನುತ್ತಾರೆ.

ಬಸ್ ಆಫೀಸಿಗೆ ಬಂದಿದ್ದ ಪೊಟ್ಟಣ ತಲುಪಿತು. ಸಕ್ಕರೆ, ಚಹಾಪುಡಿ, ಕೆಂಪು ಹೊದಿಕೆ. ಕಳಿಸಿದವರ ಹೆಸರಿರಲಿಲ್ಲ. ಆದರೆ ಹೊದಿಕೆಯ ಅಂಚು ಮಡಿಸಿ ಹೊಲಿದಿದ್ದ ರೀತಿ ನೋಡಿಯೇ ಗೊತ್ತಾಯಿತು. ಅಪ್ಪ ಆ ಚಹಾ ಕುಡಿದರು. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಲೋಟ ಕೆಳಗಿಟ್ಟು, ಇನ್ನೊಂದು ಬೇಕೆಂದು ಅದನ್ನು ನನ್ನ ಕಡೆಗೆ ಸರಿಸಿದರು.

ಅಮ್ಮ ಹೋದ ದಿನ ನಾನು ನಿನಗೆ ಫೋನಿನಲ್ಲಿ ಎರಡೇ ಪದ ಬರೆದು ಕಳಿಸಿದ್ದೆ. ಅಷ್ಟೇ ಬರೆದದ್ದು ತಪ್ಪಾಯಿತು. ಮರುದಿನ ಫೋನ್ ಮಾಡಿದೆ. ನೀನು ಎತ್ತಿ, ಯಾರೋ ಗಿರಾಕಿ ಎಂದುಕೊಂಡು, 'ಶುಕ್ರವಾರ ಬನ್ನಿ, ತೋಳು ಇನ್ನೂ ಹಾಕಿಲ್ಲ' ಎಂದೆ. ಹನ್ನೊಂದು ವರ್ಷದ ಮೇಲೆ ಕೇಳಿದ ನಿನ್ನ ದನಿ ಅದು. ಕೇಳಿ ಫೋನ್ ಇಟ್ಟುಬಿಟ್ಟೆ. ನೀನು ಮಣ್ಣಿಗೆ ಬರಲಿಲ್ಲ ಎಂದು ಇಲ್ಲಿ ಯಾರೂ ಏನೂ ಅನ್ನಲಿಲ್ಲ. ನಿನಗಾಗಿ ಯಾರು ಕಾಯುತ್ತಿದ್ದಾರೆಂದು ನೀನು ಬರಬೇಕಿತ್ತು? ಹೆತ್ತವಳೂ ತನ್ನನ್ನು ಮರೆತಳು ಎಂದೇ ನೀನು ತಿಳಿದಿದ್ದೀಯ ಎಂದು ಟೀಚರ್ ಹೇಳಿದರು. ಅದು ಹಾಗಲ್ಲ ಎಂದು ಹೇಳುವುದಕ್ಕೆ ಈ ಕಾಗದ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೇನೋ ನೋಡುತ್ತೇನೆ.

ಹದಿನಾಲ್ಕು ವರ್ಷದ ನೀನು ಹಳದಿ ಕ್ಯಾನ್ ಬೆನ್ನಿಗೆ ಹಾಕಿಕೊಂಡು ನೀರಿಗೆಂದು ಹೋದವಳು, ಕ್ಯಾನನ್ನು ಹೊಂಡದ ದಂಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಟೀಚರ ಶಾಲೆಗೆ ಓಡಿದೆ. ಮೂರು ದಿನ ಬಿಟ್ಟು ಅಪ್ಪ, ನಿನ್ನ ಮದುವೆಗೆಂದು ಆ ಮುದುಕ ವರ ಕೊಟ್ಟಿದ್ದ ದನಗಳನ್ನು ತಾವೇ ಹೊಡೆದುಕೊಂಡು ಹೋಗಿ ಬಿಟ್ಟು ಬಂದರು. ಹಾದಿಯುದ್ದಕ್ಕೂ ಜನ ನಿಂತು ನೋಡಿದರಂತೆ. ಬಂದವರು ಬೇಲಿಯ ಬಾಗಿಲಿಗೆ ಮುಳ್ಳು ಎಳೆದು, ಎಲ್ಲರೂ ಕೇಳುವಂತೆ, 'ಆ ಹೆಸರು ಸತ್ತೋಯ್ತು. ಈ ಬೇಲಿಯೊಳಗೆ ಯಾರೂ ಅದನ್ನ ಎತ್ತಕೂಡ್ದು' ಎಂದರು. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ. ನಿನ್ನದು ಬದುಕಿದ್ದಾಗಲೇ ಆ ಸಾಲಿಗೆ ಸೇರಿತು. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅಲ್ಲಿಯವರೆಗೆ ಊರೆಲ್ಲ ಅಮ್ಮನನ್ನು 'ಸಿಲಾಂತೊಯ್ ಅವ್ವಾ' ಎಂದು ಕರೆಯುತ್ತಿತ್ತು. ಮೊದಲ ಮಗುವಿನ ಹೆಸರೇ ತಾಯಿಯ ಹೆಸರು. ಆ ಸಂಜೆಯಿಂದ ಅವಳು 'ಸೆಮೆಯಾನ್ ಅವ್ವ' ಆದಳು. ನನಗಾಗ ಹನ್ನೊಂದು. ನೆರೆಯವರು ಬೆಂಕಿಗೆ ಬಂದು ಹಾಗೆ ಕರೆದಾಗ ನನಗೆ ಖುಷಿಯಾಗಿತ್ತು ಅಕ್ಕ. ಅಮ್ಮ ಈಗ ನನ್ನವಳು ಎಂದುಕೊಂಡೆ. ಅವಳು ಮೊದಲ ಕೆಲವು ದಿನ ಆ ಕೂಗಿಗೆ ತಿರುಗಿಯೇ ನೋಡುತ್ತಿರಲಿಲ್ಲ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ. ನಾನು ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ನೀನು ಓಡಿದ್ದರಿಂದಲೇ ನಾನು ಓದಿದೆ. ಓಡಿಹೋದವಳ ತಂಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬೇರೇನೂ ತೋಚದೆ ನನ್ನನ್ನು ಶಾಲೆಗೆ ಬಿಟ್ಟರು. ಆಮೇಲೆ ಹೆಂಗಸರ ಸಂಘದವರು ಮಣಿಸರ ಪೋಣಿಸಿ ಪೋಣಿಸಿ ಮಾರಿ ನನ್ನನ್ನು ಕಾಲೇಜು ಮುಟ್ಟಿಸಿದರು. ಸಾಹಿತ್ಯ ಓದಿ ನವೆಂಬರಿನಲ್ಲಿ ಮನೆಗೆ ಬಂದೆ. ಸಂಘದ ನೋಲಾರಿ ಅಜ್ಜಿ, ನಿನಗೆ ನೆನಪಿರಬೇಕು, ಒಂದು ಕಿವಿ ಹರಿದವಳು, ಈಗ ಅವಳೇ ಸಂಘದ ಯಜಮಾನಿ, 'ಏನೋದ್ದೆ?' ಎಂದು ಕೇಳಿದಳು. ಕಥೆಗಳನ್ನು ಎಂದೆ. 'ಕಥೆ ಓದೋಕೆ ನಾಕು ವರ್ಷ ಬೇಕಾಯ್ತಾ? ನಮ್ಮಜ್ಜಿ ಒಂದು ಹಸು ಕರೆಯೋಷ್ಟರಲ್ಲಿ ಮೂರು ಹೇಳ್ತಿದ್ಳು' ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಸಂಘದ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು. ಅದುವರೆಗೆ ಹಾಜರಿ ಬರೆಯುತ್ತಿದ್ದ ಮೇಷ್ಟರ ಹೆಂಡತಿ, ಗಂಡನಿಗೆ ವರ್ಗವಾಗಿ ಬೇರೆ ಊರಿಗೆ ಹೋಗಿದ್ದಳು.

ಸಂಘದಲ್ಲಿ ಇಪ್ಪತ್ತಮೂರು ಹೆಂಗಸರು. ತಿಂಗಳ ಮೊದಲ ಗುರುವಾರ ದೊಡ್ಡ ಜಾಲಿ ಮರದ ಕೆಳಗೆ ಸೇರುತ್ತಾರೆ. ಪೇಟೆಯ ಒಂದು ಸಣ್ಣ ಸಂಸ್ಥೆ ಸಿಮೆಂಟು, ತಗಡು ಕೊಡುತ್ತದೆ. ಮರಳು, ಕಲ್ಲು, ಕೈಕೆಲಸ ಹೆಂಗಸರದೇ. ವರ್ಷಕ್ಕೆ ಎರಡು ಮನೆಗೆ ತಗಡಿನ ಮಾಡು ಹಾಕಿ, ಪಕ್ಕದಲ್ಲಿ ಮಳೆನೀರಿನ ತೊಟ್ಟಿ ಕಟ್ಟುತ್ತಾರೆ. ಪುಸ್ತಕದಲ್ಲಿ ಹೆಸರಿರುವ ಕ್ರಮವೇ ಸರದಿ. ಶುರುವಿನಲ್ಲಿ ಇಬ್ಬರು ತಮ್ಮ ತೊಟ್ಟಿಯಾದ ಮೇಲೆ ಬೇರೆಯವರಿಗೆ ಕಲ್ಲು ಹೊರಲು ಬರಲೇ ಇಲ್ಲವಂತೆ. ಆಗಿನಿಂದ ಒಂದು ನೇಮ: ಹೆಸರು ಕೂಗಿದಾಗ ಉತ್ತರ ಬರಬೇಕು, ಮೂರು ಸಭೆ ಒಂದೇ ಸಮನೆ ಬರದಿದ್ದರೆ ಆ ಹೆಸರಿನ ಮೇಲೆ ಗೆರೆ, ಸರದಿ ಮುಂದಿನವಳಿಗೆ.

ನನ್ನ ಮೊದಲ ಹಾಜರಿಯ ದಿನ ಅಮ್ಮ ಎದುರಿಗೇ ಕೂತು ಮಣಿ ಪೋಣಿಸುತ್ತಿದ್ದಳು. ನಾನು ಒಂದೊಂದೇ ಹೆಸರು ಓದುತ್ತ ಬಂದೆ. ಹದಿನಾರು ಆಯಿತು. ಹದಿನೇಳನೆಯದನ್ನು ಕಣ್ಣು ಓದಿತು, ಬಾಯಿ ಓದಲಿಲ್ಲ. ಅಲ್ಲಿ ನಿನ್ನ ಹೆಸರಿತ್ತು. ನಿನ್ನ ಹೆಸರು, ಅದರ ಮುಂದೆ ಅಪ್ಪನ ಹೆಸರು. ಹಿಂದಿನ ಹಾಳೆ ತಿರುವಿದೆ, ಅಲ್ಲೂ ಇತ್ತು; ಅದರ ಹಿಂದೆಯೂ. ತಿಂಗಳು ತಿಂಗಳೂ ಅದರ ಮುಂದೆ ಹಾಜರಿಯ ಗುರುತು. ತಲೆ ಎತ್ತಿದರೆ ಯಾರೂ ಆಶ್ಚರ್ಯಪಟ್ಟಿರಲಿಲ್ಲ. ಅಮ್ಮ ಸೂಜಿ ಎತ್ತಿ ಹಿಡಿದು, ಪೋಣಿಸುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. 'ಓದು ಮಗಳೇ, ಅಕ್ಷರ ಕಲಿತದ್ದು ನುಂಗೋಕಲ್ಲ' ಎಂದಳು ನೋಲಾರಿ ಅಜ್ಜಿ. ಓದಿದೆ. ನನಗೇ ಕೇಳಿಸಿತೋ ಇಲ್ಲವೋ. ಅಮ್ಮ, 'ಇದ್ದೀನಿ' ಎಂದಳು. ಆ ದನಿಯಲ್ಲಿ ಅವಳು ಮನೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಿಂದಿನಿಂದ ಯಾರೋ, 'ಇನ್ನೂ ಹದಿನಾಕರ ಹುಡುಗಿ ಕಣ್ರೇ ಇವಳು, ಹಲ್ಲು ಮಾತ್ರ ಯಾಕೋ ಅವಸರ ಮಾಡಿ ಬಿದ್ದೋದ್ವು' ಎಂದರು. ಅಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅದು ಅವರ ಹಳೆಯ ತಮಾಷೆ ಎಂದು ಆಮೇಲೆ ತಿಳಿಯಿತು. ಎಂಟು ವರ್ಷ ಇಪ್ಪತ್ತೆರಡು ಹೆಂಗಸರು ತಮ್ಮ ಗಂಡಂದಿರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು.

ಮನೆಗೆ ನಡೆಯುವಾಗ ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ, ನಿನಗೆ ಗೊತ್ತು. ಅವಳೇ ಹೇಳಿದಳು. ಸಂಘ ಶುರುವಾದ ದಿನ ಹೆಸರು ಹೇಳಿ ಎಂದಾಗ ಅವಳ ಬಾಯಿಂದ ಅದೇ ಬಂತಂತೆ. 'ಬೇಲಿಯೊಳಗೆ ಎತ್ತಬೇಡ ಅಂದ್ರು ನಿಮ್ಮಪ್ಪ, ಎತ್ತಲಿಲ್ಲ. ಮರದ ಕೆಳಗೆ ಎತ್ತಬೇಡ ಅಂತ ಯಾರೂ ಅಂದಿಲ್ಲ. ತಿಂಗಳಿಗೊಂದ್ಸಲನಾದ್ರೂ ಯಾರಾದ್ರೂ ಅವಳನ್ನ ಕೂಗಬೇಕು. ಕೂಗದೇ ಇದ್ರೆ ಮಕ್ಕಳಿಗೆ ಮನೆ ಯಾವ ಕಡೆಗಿದೆ ಅನ್ನೋದು ಮರೆತೋಗ್ತದೆ.' ಇಷ್ಟು ಹೇಳಿ, ಬೇಲಿ ಹತ್ತಿರವಾಗಿತ್ತು, ಸುಮ್ಮನಾದಳು. ಬಾಗಿಲ ಮುಳ್ಳು ಸರಿಸುವಾಗ, 'ಹೊಸ ತೊಟ್ಟಿಯ ಮೊದಲ ನೀರನ್ನ ಆ ಹಳದಿ ಕ್ಯಾನಿಗೆ ತುಂಬ್ತೀನಿ' ಎಂದಳು. ನೀನು ಹೊಂಡದ ಹತ್ತಿರ ಬಿಟ್ಟುಹೋದ ಕ್ಯಾನು ಅವಳ ಮಂಚದ ಕೆಳಗೇ ಇದೆ. ಅದರಲ್ಲಿ ನೀರು ತರಲು ನನಗೆಂದೂ ಬಿಡಲಿಲ್ಲ.

ಹದಿನಾರನೆಯ ತೊಟ್ಟಿ ಡಿಸೆಂಬರಿನಲ್ಲಿ ಮುಗಿಯಿತು. ಮುಂದಿನದು ಅಮ್ಮನದು. ಅಂದರೆ ನಿನ್ನದು. ಒಣಗಿದ ಹಳ್ಳದಿಂದ ಅವಳು ಹಣೆಗೆ ಪಟ್ಟಿ ಕಟ್ಟಿಕೊಂಡು ಮರಳು ಹೊತ್ತು ಹೊತ್ತು ಮನೆಯ ಪಕ್ಕ ಗುಡ್ಡೆ ಹಾಕಿದಳು. ನಾನು ಹೊರಲು ಹೋದರೆ, 'ನಿನ್ನ ಬೆನ್ನು ಪುಸ್ತಕಕ್ಕೆ ಬಗ್ಗಿದ್ದು, ಮರಳಿಗಲ್ಲ' ಎನ್ನುತ್ತಿದ್ದಳು. ಜನವರಿಯಲ್ಲಿ ಎದೆನೋವು ಎಂದಳು. ಜ್ವರ ಬಂತು. ಮೋಟಾರ್ ಬೈಕಿನ ಮೇಲೆ ನನ್ನ ಮತ್ತು ಸವಾರನ ನಡುವೆ ಕೂರಿಸಿಕೊಂಡು ಪೇಟೆಗೆ ಕರೆದೊಯ್ದೆವು, ಔಷಧ ಕೊಟ್ಟರು. ಮನೆಗೆ ಬಂದ ಮೂರನೆಯ ಬೆಳಿಗ್ಗೆ ಹಾಲು ಕರೆಯಲು ಎದ್ದವಳು ಒಲೆಯ ಹತ್ತಿರ ಕೂತಳು. ಮತ್ತೆ ಏಳಲಿಲ್ಲ. ಅಪ್ಪ, ನಾನು ಇಬ್ಬರೂ ತಲೆ ಬೋಳಿಸಿಕೊಂಡೆವು. ನನ್ನ ಕೂದಲು ಈಗ ಒಂದು ಬೆರಳಷ್ಟು ಬಂದಿದೆ. ಈಗ ಅಮ್ಮನ ಹೆಸರನ್ನೂ ಎತ್ತುವಂತಿಲ್ಲ.

ಫೆಬ್ರವರಿಯ ಸಭೆಯಲ್ಲಿ ಹದಿನೇಳಕ್ಕೆ ಬಂದಾಗ ನಾನು ಓದಿದೆ. ಅಮ್ಮ ಕೂರುತ್ತಿದ್ದ ಬೇರಿನ ಮೇಲೆ ಯಾರೂ ಕೂತಿರಲಿಲ್ಲ. ಯಾರೂ ನಗಲಿಲ್ಲ. ಸತ್ತವರ ಹೆಸರನ್ನು ಹೊಡೆದುಹಾಕುವುದು ಸಂಘದ ಪದ್ಧತಿ. ಆದರೆ ಅಮ್ಮನ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲವಲ್ಲ, ಏನನ್ನು ಹೊಡೆಯುವುದು? ಮಾರ್ಚಿನ ಸಭೆಯಲ್ಲಿ ಮತ್ತೆ ಓದಿದೆ. ತಡೆಯಲಾಗದೆ ನಾನೇ 'ಇದ್ದೀನಿ' ಎಂದೆ. ನೋಲಾರಿ ಅಜ್ಜಿ ನನ್ನನ್ನು ನೋಡಿ, 'ನೀನಿರೋದು ಕಾಣ್ತದೆ. ಕೂಗಿದ್ದು ನಿನ್ನನ್ನಲ್ಲ' ಎಂದಳು. 'ಹೊತ್ತ ಹೊಟ್ಟೆ ಉತ್ತರ ಕೊಡಬಹುದು, ಒಪ್ಪಿದ್ವಿ. ಬೆನ್ನಿಗೆ ಬಿದ್ದವಳು ಕೊಡೋಕಾಗಲ್ಲ. ಇನ್ನೊಂದು ಸಲ ಕೂಗ್ತೀವಿ.' ಅವಳು ಕಠಿಣಳೆಂದು ತಿಳಿಯಬೇಡ. ಮಾತು ಮುಗಿಸಿ ಹೊದಿಕೆಯ ತುದಿಯಿಂದ ಮುಖ ಒರೆಸಿಕೊಂಡಳು. ಹದಿನೆಂಟನೆಯವಳು ಸಿತೇಯಾ, ಅವಳಿಗೆ ಅವಳಿ ಮಕ್ಕಳು, ಹೊಂಡಕ್ಕೆ ಹೋಗಿ ಬರಲು ಅರ್ಧ ದಿನ. ಅವಳು ನೆಲ ಕೆರೆಯುತ್ತ ಕೂತಿದ್ದಳು. ಮುಂದಿನ ಸಲವೂ ಉತ್ತರ ಬರದಿದ್ದರೆ ನಿನ್ನ ಹೆಸರಿನ ಮೇಲೆ ಗೆರೆ ಎಳೆಯಬೇಕಾದವಳು ನಾನು. ಪುಸ್ತಕ ನನ್ನ ಕೈಯಲ್ಲಿದೆ.

ಇನ್ನೊಂದು ಸಂಗತಿ. ಅಪ್ಪ ಈಚೆಗೆ ಬೆಳಿಗ್ಗೆ ಆ ಮರಳಿನ ಗುಡ್ಡೆಯ ಮೇಲೆ ಕೂರುತ್ತಾರೆ. ಕರುಗಳು ಹತ್ತಿದರೆ ಕೋಲಿನಿಂದ ಓಡಿಸುತ್ತಾರೆ. ಮೊನ್ನೆ, 'ಇದು ಯಾವಾಗ ತೊಟ್ಟಿಯಾಗ್ತದೆ?' ಎಂದು ಕೇಳಿದರು. ಹೆಸರು ಕೂಗಿದಾಗ ಉತ್ತರ ಬಂದರೆ ಎಂದೆ. 'ಯಾರ ಹೆಸರು?' ನಾನು ಬೇಲಿಯ ಮುಳ್ಳಿನ ಕಡೆ ನೋಡಿದೆ. ಅವರೂ ಅತ್ತ ನೋಡಿದರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಮುಳ್ಳು ಸರಿಸಿ, ಬೇಲಿಯಿಂದ ಆಚೆಗೆ ನಾಲ್ಕು ಹೆಜ್ಜೆ ನಡೆದು, ನನಗೆ ಬೆನ್ನು ಹಾಕಿ ನಿಂತರು. 'ಈಗ ಹೇಳು' ಎಂದರು. ನಾನೂ ಹೊರಗೆ ಹೋಗಿ ಹೇಳಿದೆ. ಅವರು ಗುಡ್ಡದ ಕಡೆ ನೋಡುತ್ತಿದ್ದರು. ಹಾಗೆಯೇ ದನಗಳ ಹಿಂದೆ ಹೊರಟುಹೋದರು. ನೀನು ತಲೆ ಬಾಗಿಸಿದರೆ ಅದರ ಮೇಲೆ ಅವರು ಕೈ ಇಟ್ಟು ಹರಸುತ್ತಾರೆ ಎಂದು ನಾನು ಹೇಳಲಾರೆ ಅಕ್ಕ. ನೋಡಿದ್ದನ್ನಷ್ಟೇ ಬರೆದಿದ್ದೇನೆ.

ಬಾ ಎಂದು ಕೇಳುವ ಹಕ್ಕು ನನಗಿಲ್ಲ. ನಿನ್ನ ಹೆಸರು ಹೋದ ದಿನ ಖುಷಿಪಟ್ಟವಳು ನಾನು. ಕಣ್ಣಿಗೆ ತಣ್ಣೀರು ಹಾಕಿಕೊ. ನಿನ್ನ ದಾರಿಯೆಲ್ಲ ದೇವರು ತೇವವಾಗಿಟ್ಟಿರಲಿ, ನಿನ್ನ ಒಲೆ ಆರದಿರಲಿ. ಚಿಕ್ಕವಳಾದ ನಾನು ಇಷ್ಟು ಹರಸಬಾರದು. ಅಮ್ಮನ ಪರವಾಗಿ ಬರೆದೆ ಎಂದುಕೊ.

ನಿನ್ನ ಕೈಗೆ ತಲೆ ಬಾಗಿಸಿ,
ನಿನ್ನ ಬೆನ್ನಿಗೆ ಬಿದ್ದ
ಸೆಮೆಯಾನ್

ಮ.ವಿ.: ಬಸ್ ಹೊರಡುತ್ತಿದೆ, ಡ್ರೈವರ್ ಕೈಗೆ ಇದನ್ನು ಕೊಡಬೇಕು. ಮೂರನೆಯ ಕೂಗು ಏಪ್ರಿಲ್ 5, ಗುರುವಾರ, ಬೆಳಿಗ್ಗೆ ಹತ್ತಕ್ಕೆ. ನೈರೋಬಿಯಿಂದ ಬರುವ ಮೊದಲ ಗಾಡಿ ನಮ್ಮ ತಿರುವಿನಲ್ಲಿ ನಿಲ್ಲುವುದೂ ಹತ್ತಕ್ಕೇ. ತಿರುವಿನಿಂದ ಮರಕ್ಕೆ ಹತ್ತು ನಿಮಿಷದ ನಡಿಗೆ. ಮರ ಬೇಲಿಯ ಹೊರಗಿದೆ. ನಿನಗಿಂತ ಮೊದಲು ಹದಿನಾರು ಹೆಸರುಗಳಿವೆ. ನಾನು ನಿಧಾನವಾಗಿ ಓದುತ್ತೇನೆ.